ಗುಳಿ ಎಂದರೆ ಒರಟುತನವಲ್ಲ: ಗಾಲ್ಫ್ ಚೆಂಡಿನ ಮೈಮೇಲಿನ ಗಾಳಿಯ ಬಗ್ಗೆ ಒಂದು ಟಿಪ್ಪಣಿ

ಗಾಲ್ಫ್ ಚೆಂಡಿನ ಮೈಯಲ್ಲಿ ಗುಳಿಗಳೇಕೆ ಎಂಬ ಪ್ರಶ್ನೆಗೆ ಸಿದ್ಧ ಉತ್ತರವೊಂದು ಚಲಾವಣೆಯಲ್ಲಿದೆ. ಒರಟು ಮೈ ಗಾಳಿಯನ್ನು ಬೇಗ ಕಲಕುತ್ತದೆ, ಕಲಕಿದ ಗಾಳಿ ಚೆಂಡಿಗೆ ಹೆಚ್ಚು ದೂರ ಅಂಟಿಕೊಂಡು ಸಾಗುತ್ತದೆ, ಹಾಗಾಗಿ ಹಿಂದಕ್ಕೆಳೆಯುವ ಬಲ ತಗ್ಗುತ್ತದೆ ಎಂಬುದು ಆ ಉತ್ತರ. ಇದು ತಪ್ಪಲ್ಲ, ಆದರೆ ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ. ಒರಟುತನವೊಂದೇ ಸಾಕಾಗಿದ್ದರೆ ಮೈಗೆ ಮರಳು ಮೆತ್ತಿದ ಚೆಂಡೂ ಅಷ್ಟೇ ದೂರ ಹಾರಬೇಕಿತ್ತು. ಪ್ರಯೋಗಗಳ ಅಂಕಿಗಳು ಹಾಗೆ ಹೇಳುವುದಿಲ್ಲ. ಗುಳಿ ಮಾಡುವ ಕೆಲಸ ಮರಳಿನ ಕಣ ಮಾಡುವ ಕೆಲಸಕ್ಕಿಂತ ಬೇರೆ. ಆ ಬೇರೆತನ ಎಲ್ಲಿದೆ ಎಂದು ಗುರುತಿಸುವುದಷ್ಟೇ ಈ ಟಿಪ್ಪಣಿಯ ಉದ್ದೇಶ.

ಪದದ ಬಗ್ಗೆ ಒಂದು ಮಾತು. ಕೆನ್ನೆಯ ಗುಳಿಗೂ ಅಳಗುಳಿ ಮಣೆಯ ಗುಳಿಗೂ ನಾವು ಬಳಸುವ ಪದವನ್ನೇ ಇಲ್ಲಿ ಉಳಿಸಿಕೊಂಡಿದ್ದೇನೆ. ಇಂಗ್ಲಿಷಿನವರೂ ಚೆಂಡಿನ ಈ ತಗ್ಗಿಗೆ ಕೆನ್ನೆಯ ಗುಳಿಯ ಹೆಸರನ್ನೇ ಇಟ್ಟಿದ್ದಾರೆ. ಎರಡು ಭಾಷೆಗಳೂ ಒಂದೇ ಹೋಲಿಕೆಗೆ ಒಗ್ಗುವುದರಿಂದ ಹೊಸ ಪಾರಿಭಾಷಿಕ ಪದ ಹೊಸೆಯುವ ಅಗತ್ಯ ನನಗೆ ಕಾಣಲಿಲ್ಲ.

ಗುಳಿಯ ಕಥೆ ಶುರುವಾಗುವುದು ಪ್ರಯೋಗಶಾಲೆಯಲ್ಲಲ್ಲ, ಸ್ಕಾಟ್ಲೆಂಡಿನ ಹುಲ್ಲುಗಾವಲಿನಲ್ಲಿ. ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೆ ಗಾಲ್ಫ್ ಚೆಂಡೆಂದರೆ ತೊಗಲಿನ ಚೀಲದಲ್ಲಿ ಹಕ್ಕಿಯ ಪುಕ್ಕಗಳನ್ನು ಒತ್ತಿ ತುಂಬಿ ಹೊಲಿದದ್ದು. ದುಬಾರಿ, ನೆನೆದರೆ ಕೆಡುವಂಥದ್ದು. 1848ರ ಸುಮಾರಿಗೆ ಗಟ್ಟಾಪರ್ಚ ಎಂಬ ಮರದ ಹಾಲಿನ ಅಂಟಿನಿಂದ ಎರಕ ಹೊಯ್ದ ಚೆಂಡು ಬಂತು. ಅಗ್ಗ, ಗಟ್ಟಿ, ನುಣುಪು. ಆ ನುಣುಪೇ ಅದರ ಶತ್ರುವಾಯಿತು. ಹೊಸ ಚೆಂಡು ಸ್ವಲ್ಪ ದೂರ ಹಾರಿ ಕುಸಿಯುತ್ತಿತ್ತು. ನಾಲ್ಕಾರು ಆಟ ಆಡಿ, ಕೋಲಿನ ಏಟಿಗೆ ಮೈಯೆಲ್ಲ ಗಾಯವಾದ ಹಳೆಯ ಚೆಂಡು ಚೆನ್ನಾಗಿ ಹಾರುತ್ತಿತ್ತು. ಆಟಗಾರರು ಕಾರಣ ಕೇಳುತ್ತ ಕೂರಲಿಲ್ಲ. ಹೊಸ ಚೆಂಡಿಗೆ ಸುತ್ತಿಗೆಯ ಚೂಪು ಮೊನೆಯಿಂದ ಮೊದಲೇ ಗೀರು ಹಾಕಿಸತೊಡಗಿದರು. ಮುಂದೆ ಅಚ್ಚಿನಲ್ಲೇ ಗೀರುಗಳು ಬಂದವು. ಅನಂತರ ಹಣ್ಣಿನ ಮೈಯಂತೆ ಸಣ್ಣ ಸಣ್ಣ ಉಬ್ಬುಗಳಿದ್ದ ಚೆಂಡು ಬಂತು. ಇಂಗ್ಲೆಂಡಿನ ಲೆಸ್ಟರ್ ನಗರದ ಎಂಜಿನಿಯರ್ ವಿಲಿಯಂ ಟೇಲರ್ 1905ರಲ್ಲಿ ಈ ಉಬ್ಬುಗಳನ್ನು ತಿರುವಿ ಹಾಕಿದ, ಎಂದರೆ ಉಬ್ಬಿನ ಜಾಗದಲ್ಲಿ ತಗ್ಗು ಇರಿಸಿದ ವಿನ್ಯಾಸಕ್ಕೆ ಪೇಟೆಂಟ್ ಅರ್ಜಿ ಹಾಕಿದ. ಮಸೂರ ತಯಾರಿಸುವ ಕಂಪನಿಯ ಪಾಲುದಾರನಾಗಿದ್ದ ಅವನಿಗೆ ಮಿಲಿಮೀಟರಿನ ನೂರನೆಯ ಭಾಗದ ಲೆಕ್ಕ ದಿನನಿತ್ಯದ ಕಸುಬು. ಗಾಲ್ಫ್ ಚೆಂಡು ಆಮೇಲೆ ಹಿಡಿದ ದಾರಿಯನ್ನು ನೋಡಿದರೆ ಈ ಹಿನ್ನೆಲೆ ಆಕಸ್ಮಿಕವೆಂದು ನನಗನ್ನಿಸುವುದಿಲ್ಲ.

ಟೇಲರ್ ಅರ್ಜಿ ಹಾಕಿದಾಗ ಅದಕ್ಕೆ ಬೇಕಾದ ಭೌತಶಾಸ್ತ್ರ ಹುಟ್ಟಿ ಒಂದೇ ವರ್ಷವಾಗಿತ್ತು. 1904ರಲ್ಲಿ ಹೈಡೆಲ್‌ಬರ್ಗಿನಲ್ಲಿ ನಡೆದ ಗಣಿತಜ್ಞರ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಲುಡ್ವಿಗ್ ಪ್ರಾಂಟಲ್ ಒಂದು ಚಿಕ್ಕ ಪ್ರಬಂಧ ಓದಿದ. ಹರಿಯುವ ಗಾಳಿ ವಸ್ತುವಿನ ಮೈಗೆ ತಾಗಿದಲ್ಲಿ ನಿಂತೇಬಿಡುತ್ತದೆ. ಮೈಯಿಂದ ಸ್ವಲ್ಪ ಮೇಲೆ ಪೂರ್ತಿ ವೇಗದಲ್ಲಿ ಹರಿಯುತ್ತದೆ. ಇವೆರಡರ ನಡುವಿನ ತೆಳುವಾದ ಪದರದಲ್ಲೇ ಘರ್ಷಣೆಯ ಇಡೀ ನಾಟಕ ನಡೆಯುತ್ತದೆ ಎಂಬುದು ಅದರ ಸಾರ. ಈ ಪದರವನ್ನು ಗಡಿಪದರ ಎನ್ನೋಣ. ಚೆಂಡಿನ ಮುಂಭಾಗದಿಂದ ಸೊಂಟದವರೆಗೆ ಗಾಳಿಯ ವೇಗ ಏರುತ್ತ, ಒತ್ತಡ ಇಳಿಯುತ್ತ ಹೋಗುತ್ತದೆ. ಸೊಂಟ ದಾಟಿದ ಮೇಲೆ ಒತ್ತಡ ಮತ್ತೆ ಏರಬೇಕು. ಅಲ್ಲಿಂದಾಚೆಗೆ ಗಡಿಪದರದ ಗಾಳಿಗೆ ಅದು ದಿಣ್ಣೆ ಹತ್ತಿದಂತೆ. ಮೈಗೆ ತಾಗಿಕೊಂಡು ಬಂದು ದಣಿದ ಗಾಳಿ ದಿಣ್ಣೆ ಹತ್ತಲಾರದೆ ಮೈಬಿಟ್ಟು ಕಿತ್ತುಕೊಳ್ಳುತ್ತದೆ. ಕಿತ್ತುಕೊಂಡ ಜಾಗದಿಂದ ಹಿಂದಕ್ಕೆ ಸುಳಿಗಳಿಂದ ತುಂಬಿದ, ಒತ್ತಡ ಕಡಿಮೆಯಿರುವ ಒಂದು ಬಾಲ ಉಳಿಯುತ್ತದೆ. ಚೆಂಡನ್ನು ಹಿಂದಕ್ಕೆಳೆಯುವುದು ಮುಖ್ಯವಾಗಿ ಈ ಬಾಲ. ಮೈ ಉಜ್ಜುವ ಘರ್ಷಣೆಯ ಪಾಲು ಅದರ ಮುಂದೆ ಬಹಳ ಸಣ್ಣದು.

1912ರ ಹೊತ್ತಿಗೆ ಒಂದು ವಿವಾದ ಎದ್ದಿತು. ಗೋಳದ ಮೇಲಿನ ಎಳೆತವನ್ನು ಪ್ಯಾರಿಸ್ಸಿನಲ್ಲಿ ಗುಸ್ತಾವ್ ಐಫೆಲ್ ಅಳೆದಾಗ ಬಂದ ಅಂಕಿಗೆ ಜರ್ಮನಿಯ ಗಟಿಂಗನ್ನಿನಲ್ಲಿ ಬಂದ ಅಂಕಿ ಎರಡು ಪಟ್ಟಿಗೂ ಹೆಚ್ಚು. ಯಾರದೋ ಅಳತೆ ಕೆಟ್ಟಿದೆ ಎಂದುಕೊಳ್ಳುವುದು ಸಹಜವಾಗಿತ್ತು. ಹೆಚ್ಚು ವೇಗದಲ್ಲಿ ಎಳೆತದ ಗುಣಾಂಕ ಒಮ್ಮೆಗೇ ಕುಸಿಯುತ್ತದೆ ಎಂದು ಐಫೆಲ್ ತೋರಿಸಿದ. ಕಾರಣ ಹೇಳಿದವನು ಪ್ರಾಂಟಲ್, 1914ರಲ್ಲಿ. ಗೋಳದ ಸೊಂಟಕ್ಕಿಂತ ತುಸು ಮುಂದೆ ಒಂದು ತೆಳು ತಂತಿಯನ್ನು ಬಳೆಯಂತೆ ತೊಡಿಸಿದ. ಮೈಗೆ ಅಡಚಣೆ ಸೇರಿಸಿದರೆ ಎಳೆತ ಹೆಚ್ಚಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಎಳೆತ ಇಳಿಯಿತು. ತಂತಿಗೆ ಎಡವಿದ ಗಡಿಪದರ ಪದರಪದರವಾಗಿ ಜಾರುವುದನ್ನು ಬಿಟ್ಟು ಪ್ರಕ್ಷುಬ್ಧವಾಯಿತು; ಮೇಲಿನ ವೇಗದ ಗಾಳಿಯನ್ನು ಕೆಳಕ್ಕೆ ಬೆರೆಸಿಕೊಂಡು ಕಸುವು ಪಡೆಯಿತು; ಒತ್ತಡದ ದಿಣ್ಣೆಯನ್ನು ಇನ್ನಷ್ಟು ದೂರ ಹತ್ತಿತು. ಮುಂತುದಿಯಿಂದ ಅಳೆದರೆ ಜಾರುವ ಪದರ ಸುಮಾರು 80 ಡಿಗ್ರಿಯಲ್ಲಿ, ಸೊಂಟಕ್ಕೂ ಮೊದಲೇ, ಕಿತ್ತುಕೊಳ್ಳುತ್ತದೆ. ಪ್ರಕ್ಷುಬ್ಧ ಪದರ ಸುಮಾರು 120 ಡಿಗ್ರಿಯವರೆಗೆ ಹೋಗುತ್ತದೆ. ಹಿಂದಿನ ಬಾಲ ಅಷ್ಟರಮಟ್ಟಿಗೆ ಕಿರಿದಾಗುತ್ತದೆ. ಒಂದು ತುಂಡು ತಂತಿಯಿಂದ ಇಷ್ಟು ದೊಡ್ಡ ಗೊಂದಲವನ್ನು ಬಗೆಹರಿಸಿದ ಪ್ರಯೋಗ ದ್ರವಶಾಸ್ತ್ರದ ಚರಿತ್ರೆಯಲ್ಲಿ ಇನ್ನೊಂದನ್ನು ನಾನು ಕಂಡಿಲ್ಲ.

ಜಾರುವ ಹರಿವು ಪ್ರಕ್ಷುಬ್ಧವಾಗುವುದು ಒಂದೇ ಗೆರೆಯಲ್ಲಿ ಅಲ್ಲ ಎಂಬುದನ್ನು ಇಲ್ಲೇ ಹೇಳಬೇಕು. ಚಪ್ಪಟೆ ಹಲಗೆಯ ಮೇಲೆ ಈ ಬದಲಾವಣೆ ಅಲ್ಲೊಂದು ಇಲ್ಲೊಂದು ಕಲೆಯಂತೆ ಹುಟ್ಟಿ, ಕಲೆಗಳು ಹರಡಿ ಕೂಡಿಕೊಂಡು ಪೂರ್ಣವಾಗುತ್ತದೆ. ಆ ಕಲೆಗಳ ಹಂಚಿಕೆಗೆ ಇಂದಿಗೂ ಬಳಕೆಯಲ್ಲಿರುವ ಸೂತ್ರವನ್ನು ಕೊಟ್ಟವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಧವನ್ ಅವರ ವಿದ್ಯಾರ್ಥಿಯಾಗಿದ್ದ ರೊದ್ದಂ ನರಸಿಂಹ, 1957ರಲ್ಲಿ. ಕನ್ನಡದಲ್ಲಿ ವಿಜ್ಞಾನ ಬರೆದ ಹಿರಿಯರಲ್ಲೊಬ್ಬರಾದ ಆರ್. ಎಲ್. ನರಸಿಂಹಯ್ಯನವರ ಮಗ ಅವರು. ಹಲಗೆಯ ಮೇಲೆ ಆ ಬದಲಾವಣೆಗೆ ಉದ್ದನೆಯ ಜಾಗ ಬೇಕು. ಗಾಲ್ಫ್ ಚೆಂಡಿನ ಮೇಲೆ ಅಷ್ಟು ಜಾಗವೇ ಇಲ್ಲ. ಒಂದೊಂದು ಗುಳಿಯ ಅಗಲ ನಾಲ್ಕು ಮಿಲಿಮೀಟರಿನ ಆಸುಪಾಸು. ಕೆಲಸ ಅಷ್ಟರೊಳಗೆ ಮುಗಿಯಬೇಕು.

ಈಗ ಅಂಕಿಗಳು. ನಿಯಮದ ಪ್ರಕಾರ ಚೆಂಡಿನ ವ್ಯಾಸ 42.67 ಮಿಲಿಮೀಟರಿಗಿಂತ ಕಡಿಮೆ ಇರಬಾರದು, ತೂಕ 45.93 ಗ್ರಾಮಿಗಿಂತ ಹೆಚ್ಚಿರಬಾರದು. ಪಳಗಿದ ಆಟಗಾರನ ಹೊಡೆತದಲ್ಲಿ ಅದು ಸೆಕೆಂಡಿಗೆ 70 ಮೀಟರ್ ವೇಗದಲ್ಲಿ ಹೊರಟಿತು ಎನ್ನೋಣ. ವೇಗವನ್ನು ವ್ಯಾಸದಿಂದ ಗುಣಿಸಿ, ಗಾಳಿಯ ಸ್ನಿಗ್ಧತೆಯ ಅಳತೆಯಿಂದ ಭಾಗಿಸಿದರೆ ರೆನಾಲ್ಡ್ಸ್ ಸಂಖ್ಯೆ ಸಿಗುತ್ತದೆ: ಸುಮಾರು 2,00,000. ನೆಲಕ್ಕೆ ಬೀಳುವ ಹೊತ್ತಿಗೆ ವೇಗ 28 ಮೀಟರಿನಷ್ಟಾಗಿದ್ದರೆ ಅದೇ ಸಂಖ್ಯೆ 80,000. ಇಡೀ ಹಾರಾಟ ಈ ಎರಡು ಸಂಖ್ಯೆಗಳ ನಡುವೆ ನಡೆದು ಮುಗಿಯುತ್ತದೆ. ನುಣುಪಾದ ಗೋಳದಲ್ಲಿ ಎಳೆತ ಕುಸಿಯಬೇಕಾದರೆ ಈ ಸಂಖ್ಯೆ ಸುಮಾರು 3,00,000 ದಾಟಬೇಕು. ಇದೇ ಗಾತ್ರದ ನುಣುಪು ಚೆಂಡು ಅಲ್ಲಿಗೆ ತಲುಪಲು ಸೆಕೆಂಡಿಗೆ 105 ಮೀಟರ್, ಅಂದರೆ ಗಂಟೆಗೆ 380 ಕಿಲೋಮೀಟರ್ ವೇಗದಲ್ಲಿ ಹೋಗಬೇಕು. ಮಾಮೂಲಿ ಆಟದಲ್ಲಿ ಅಷ್ಟು ವೇಗದ ಹೊಡೆತ ಕಾಣಸಿಗುವುದಿಲ್ಲ. ಗುಳಿಗಳಿರುವ ಚೆಂಡಿನಲ್ಲಿ ಅದೇ ಕುಸಿತ ಸುಮಾರು 40,000ದಲ್ಲಿ ಆರಂಭವಾಗಿ, 80,000–90,000ದ ಹೊತ್ತಿಗೆ ಮುಗಿದಿರುತ್ತದೆ. ಗುಣಾಂಕ 0.5ರಿಂದ 0.25ಕ್ಕೆ ಇಳಿದಿರುತ್ತದೆ. ಹಾರಾಟದ ಕಿಟಕಿ ಯಾವುದೋ, ಗುಳಿ ಕೆಲಸ ಮಾಡುವ ಕಿಟಕಿಯೂ ಅದೇ.

ಇದನ್ನು ಬಲದ ಲೆಕ್ಕದಲ್ಲಿ ನೋಡಿದರೆ ಇನ್ನೂ ಸ್ಪಷ್ಟ. ಚೆಂಡಿನ ತೂಕ 0.45 ನ್ಯೂಟನ್. ಹೊರಟ ಗಳಿಗೆಯಲ್ಲಿ ಗುಳಿಯ ಚೆಂಡಿನ ಮೇಲೆ ಎಳೆತ ಸುಮಾರು 1.05 ನ್ಯೂಟನ್, ಅಂದರೆ ತೂಕದ ಎರಡು ಪಟ್ಟಿಗಿಂತ ಹೆಚ್ಚು. ನುಣುಪು ಚೆಂಡಿನ ಮೇಲೆ 2.1 ನ್ಯೂಟನ್, ತೂಕದ ನಾಲ್ಕೂವರೆ ಪಟ್ಟಿಗೂ ಮೇಲೆ. ಗಾಲ್ಫ್ ಚೆಂಡಿಗೆ ಗಾಳಿ ಎಂದರೆ ಭೂಮಿಗಿಂತ ದೊಡ್ಡ ಶಕ್ತಿ. ಶಾಲೆಯಲ್ಲಿ ಕಲಿಸುವ ಪರವಲಯದ ಪಥ ಇಲ್ಲಿ ಹತ್ತಿರವೂ ಸುಳಿಯುವುದಿಲ್ಲ.

ಈ ಕಿಟಕಿಯ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಕಾರಿನ ಮೈಗೂ ವಿಮಾನದ ರೆಕ್ಕೆಗೂ ಗುಳಿ ಹಾಕಿದರೆ ಇಂಧನ ಉಳಿಯುತ್ತದಲ್ಲ ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳು ಪದೇ ಪದೇ ಕೇಳುತ್ತಾರೆ. ನಾಲ್ಕು ಮೀಟರ್ ಉದ್ದದ ಕಾರು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಅದರ ರೆನಾಲ್ಡ್ಸ್ ಸಂಖ್ಯೆ 70 ಲಕ್ಷ ದಾಟಿರುತ್ತದೆ. ಅಲ್ಲಿ ಗಡಿಪದರ ಆಗಲೇ ಪ್ರಕ್ಷುಬ್ಧ. ಹರಿವು ಕಿತ್ತುಕೊಳ್ಳುವ ಜಾಗವನ್ನು ಬಹುಮಟ್ಟಿಗೆ ಹಿಂಬದಿಯ ಅಂಚೇ ನಿರ್ಧರಿಸಿರುತ್ತದೆ. ಗುಳಿ ಅಲ್ಲಿ ಎಬ್ಬಿಸಬೇಕಾದವರು ಈಗಾಗಲೇ ಎದ್ದಿದ್ದಾರೆ. ನಮ್ಮೂರ ಕ್ರಿಕೆಟ್ ಚೆಂಡಿನ ವಿಷಯ ಹಾಗಲ್ಲ. ವೇಗದ ಬೌಲರನ ಕೈಯಿಂದ ಹೊರಟ ಚೆಂಡಿನ ಸಂಖ್ಯೆ ಸುಮಾರು 1,80,000, ಗಾಲ್ಫ್ ಚೆಂಡಿನ ಕಿಟಕಿಯೊಳಗೇ ಇದೆ. ಅಲ್ಲಿ ಹೊಲಿಗೆ ಒಂದು ಪಕ್ಕದ ಪದರವನ್ನು ಮಾತ್ರ ಎಬ್ಬಿಸುತ್ತದೆ. ಎರಡು ಪಕ್ಕಗಳಲ್ಲಿ ಗಾಳಿ ಬೇರೆ ಬೇರೆ ಜಾಗದಲ್ಲಿ ಕಿತ್ತುಕೊಂಡಾಗ ಚೆಂಡು ಸ್ವಿಂಗ್ ಆಗುತ್ತದೆ. ಭೌತಶಾಸ್ತ್ರ ಒಂದೇ, ಒಂದು ಆಟ ಅದನ್ನು ಮೈತುಂಬ ಹರಡಿತು, ಇನ್ನೊಂದು ಒಂದೇ ಗೆರೆಯಲ್ಲಿ ಹಿಡಿಯಿತು.

ಇನ್ನು ಮೂಲ ಪ್ರಶ್ನೆಗೆ: ಗುಳಿಯೂ ಮರಳೂ ಒಂದೇ ಅಲ್ಲವೇಕೆ? ಒರಟು ಗೋಳಗಳ ಮೇಲೆ ಎಲ್ಮಾರ್ ಆಖೆನ್‌ಬಾಖ್ 1974ರಲ್ಲಿ ಪ್ರಕಟಿಸಿದ ಅಳತೆಗಳು ಇಲ್ಲಿ ದಾರಿ ತೋರುತ್ತವೆ. ಕಣ ದಪ್ಪವಾದಷ್ಟೂ ಎಳೆತದ ಕುಸಿತ ಬೇಗ ಬರುತ್ತದೆ. ಅಷ್ಟರಮಟ್ಟಿಗೆ ಸಿದ್ಧ ಉತ್ತರ ಸರಿ. ಆದರೆ ಕಣ ದಪ್ಪವಾದಷ್ಟೂ ಕುಸಿತದ ತಳ ಮೇಲಕ್ಕೆ ಸರಿಯುತ್ತದೆ. ಅದಕ್ಕಿಂತ ಮುಖ್ಯವಾದ ಸಂಗತಿ, ತಳ ಮುಟ್ಟಿದ ಮೇಲೆ ಎಳೆತ ಅಲ್ಲಿ ನಿಲ್ಲುವುದಿಲ್ಲ. ವೇಗ ಹೆಚ್ಚಿದಂತೆ ಮತ್ತೆ ಏರತೊಡಗಿ, ತೀರ ಒರಟು ಗೋಳದಲ್ಲಿ 0.4ರ ಆಸುಪಾಸಿಗೆ ಬಂದುಬಿಡುತ್ತದೆ. ಒರಟು ಮೈ ಗಡಿಪದರವನ್ನು ಎಬ್ಬಿಸುತ್ತದೆ ನಿಜ, ಎಬ್ಬಿಸಿದ ಮೇಲೂ ಉಜ್ಜುತ್ತ ಅದರ ಕಸುವನ್ನು ಹೀರುತ್ತಲೇ ಇರುತ್ತದೆ. ದಪ್ಪವಾಗಿ ದಣಿದ ಪದರ ಮತ್ತೆ ಮುಂಚಿತವಾಗಿ ಕಿತ್ತುಕೊಳ್ಳುತ್ತದೆ. ಗುಳಿಯ ಚೆಂಡಿನ ಗ್ರಾಫ್ ನೋಡಿದರೆ ಚಿತ್ರ ಬೇರೆ. 0.25ರ ಸುಮಾರಿಗೆ ಇಳಿದ ಎಳೆತ ಅಲ್ಲೇ ಮಟ್ಟಸವಾಗಿ ಉಳಿಯುತ್ತದೆ. ಹಾರಾಟದ ಮೊದಲ ಸೆಕೆಂಡಿನಲ್ಲಿ ಇರುವ ಗುಣಾಂಕವೇ ಹೆಚ್ಚುಕಡಿಮೆ ಕೊನೆಯವರೆಗೂ ಇರುತ್ತದೆ. ಬೇಗ ಇಳಿಯುವುದು ಮರಳಿಗೂ ಸಾಧ್ಯ. ಇಳಿದಲ್ಲೇ ನಿಲ್ಲುವುದು ಗುಳಿಯ ಗುಣ. ಈ ಟಿಪ್ಪಣಿಯಲ್ಲಿ ನಾನು ಹೇಳಬೇಕೆಂದುಕೊಂಡದ್ದರ ತಿರುಳು ಇದೇ.

ಹಾಗೆ ನಿಲ್ಲುವುದು ಹೇಗೆ ಎಂಬುದನ್ನು ಗುಳಿಯೊಳಗೆ ಇಣುಕಿ ನೋಡಿದವರು ದಕ್ಷಿಣ ಕೊರಿಯಾದ ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ಸಂಶೋಧಕರು. ಹೆಚೊನ್ ಚೋಯ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಕಾದ ತಂತಿಯ ಮಾಪಕದಿಂದ ಗುಳಿಗಳ ಮೇಲಿನ ಗಾಳಿಯ ವೇಗವನ್ನು ಅಳೆದ ವಿವರವಿದೆ. ಗುಳಿಯ ಮುಂದಿನ ಅಂಚಿಗೆ ಬಂದ ಗಾಳಿ ತಗ್ಗಿನ ಇಳಿಜಾರಿಗೆ ಮೈಯೊಗ್ಗಿಸಲಾರದೆ ಅಲ್ಲಿ ಚಿಕ್ಕದಾಗಿ ಕಿತ್ತುಕೊಳ್ಳುತ್ತದೆ. ಕಿತ್ತುಕೊಂಡ ಪದರ ಗುಳಿಯ ಮೇಲೆ ತೆಳು ಪರದೆಯಂತೆ ಚಾಚಿಕೊಳ್ಳುತ್ತದೆ. ಕೆಳಗೆ ಹೆಚ್ಚುಕಡಿಮೆ ನಿಂತ ಗಾಳಿ, ಮೇಲೆ ಓಡುವ ಗಾಳಿ, ನಡುವೆ ಈ ಪರದೆ. ಇಂಥ ಪರದೆ ಬಹಳ ಹೊತ್ತು ನೆಟ್ಟಗಿರಲಾರದು. ಅಲುಗಿ, ಸುರುಳಿಯಾಗಿ, ಮೇಲಿನ ವೇಗವನ್ನು ಕೆಳಕ್ಕೆ ಎಳೆದುಕೊಳ್ಳುತ್ತದೆ. ಗುಳಿಯ ಹಿಂದಿನ ಇಳಿಜಾರಿನಲ್ಲಿ ಅದು ಮರಳಿ ಮೈಗೆ ಅಂಟುವಾಗ ಬಂದದ್ದಕ್ಕಿಂತ ಹೆಚ್ಚು ಕಸುವನ್ನು ಮೈಯ ಹತ್ತಿರ ತಂದಿರುತ್ತದೆ. ಮುಂದಿನ ಗುಳಿಯಲ್ಲಿ ಇದೇ ಕ್ರಿಯೆ ಮರುಕಳಿಸುತ್ತದೆ. ಕೊನೆಗೆ ಹರಿವು ನಿಜವಾಗಿ ಮೈಬಿಡುವುದು 110 ಡಿಗ್ರಿಯ ಸುಮಾರಿಗೆ. ಎಳೆತ ಮಟ್ಟಸವಾಗಿರುವ ವೇಗಗಳ ಉದ್ದಕ್ಕೂ ಆ ಕೋನ ಹೆಚ್ಚು ಕದಲುವುದಿಲ್ಲ.

ದೊಡ್ಡ ಬೇರ್ಪಡೆಯನ್ನು ತಡೆಯಲು ನೂರಾರು ಸಣ್ಣ ಬೇರ್ಪಡೆಗಳನ್ನು ಗುಳಿ ತಾನೇ ಉಂಟುಮಾಡುತ್ತದೆ ಎಂಬುದು ಇದರ ಅರ್ಥ. ಮರಳಿನ ಕಣ ಗಾಳಿಯ ದಾರಿಗೆ ಅಡ್ಡ ನಿಲ್ಲುತ್ತದೆ. ಗುಳಿ ದಾರಿಯ ತಳವನ್ನು ಒಂದು ಕ್ಷಣ ತೆಗೆದುಬಿಟ್ಟು ಮತ್ತೆ ಕೊಡುತ್ತದೆ. 1905ರಲ್ಲಿ ಟೇಲರ್ ಉಬ್ಬನ್ನು ತಗ್ಗಾಗಿ ತಿರುವಿದಾಗ ಬದಲಾದದ್ದು ಚೆಂಡಿನ ಅಂದವಷ್ಟೇ ಅಲ್ಲ ಎಂಬುದು ನೂರು ವರ್ಷಗಳ ನಂತರ ಅಳತೆಗೆ ಸಿಕ್ಕಿತು.

ಎಳೆತದ ಮಾತು ಇಲ್ಲಿಗೆ ಸಾಕು. ಎತ್ತುವ ಬಲದ ಮಾತು ಬಿಟ್ಟರೆ ಗುಳಿಗೆ ಅನ್ಯಾಯವಾಗುತ್ತದೆ. ತಿರುಗುವ ಗೋಳ ಪಕ್ಕಕ್ಕೆ ಬಾಗುತ್ತದೆ ಎಂಬುದನ್ನು ಪ್ರಯೋಗದಿಂದ ತೋರಿಸಿದವನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್, ಹದಿನೆಂಟನೆಯ ಶತಮಾನದ ಗುಂಡು–ಫಿರಂಗಿಗಳ ಗಣಿತಜ್ಞ. ಬಂದೂಕಿನ ನಳಿಗೆಯ ತುದಿಯನ್ನು ಎಡಕ್ಕೆ ಬಾಗಿಸಿ ಹೊಡೆದರೆ ಗುಂಡು ದೂರ ಹೋದಂತೆ ಬಲಕ್ಕೆ ತಿರುಗುತ್ತದೆಂದು ಅವನು ತೋರಿಸಿದ. ಅವನ ಪುಸ್ತಕವನ್ನು ಜರ್ಮನ್ ಭಾಷೆಗೆ ತಂದ ಆಯ್ಲರ್ ಮಹಾಶಯನೇ ಈ ಮಾತನ್ನು ಒಪ್ಪಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳ ಎಂಜಿನಿಯರಾಗಿ ಬಂದ ರಾಬಿನ್ಸ್ 1751ರಲ್ಲಿ ತಮಿಳುನಾಡಿನ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ. ಒಂದು ಶತಮಾನದ ನಂತರ ಇದೇ ಪರಿಣಾಮಕ್ಕೆ ಜರ್ಮನಿಯ ಮ್ಯಾಗ್ನಸ್‌ನ ಹೆಸರು ನಿಂತಿತು. ರಾಬಿನ್ಸ್‌ನ ಹೆಸರು ಅಲ್ಲಿ ಇರಬೇಕಿತ್ತು ಎಂದು ನಾನು ನಂಬುತ್ತೇನೆ.

ಗಾಲ್ಫ್‌ಗೆ ಇದನ್ನು ಅನ್ವಯಿಸಿದವನು ಎಡಿನ್‌ಬರೋ ವಿಶ್ವವಿದ್ಯಾಲಯದ ಭೌತಶಾಸ್ತ್ರಜ್ಞ ಪೀಟರ್ ಗತ್ರಿ ಟೇಟ್. ಗಾಲ್ಫ್‌ನ ಹುಚ್ಚಿದ್ದ ಟೇಟ್ 1890ರ ದಶಕದಲ್ಲಿ ಚೆಂಡಿಗೆ ಒಂದು ಪಟ್ಟಿಯ ತುದಿ ಅಂಟಿಸಿ, ಹೊಡೆಸಿ, ಪಟ್ಟಿ ಎಷ್ಟು ಸುತ್ತು ಹೊಸೆದುಕೊಂಡಿತೆಂದು ಎಣಿಸಿ ಚೆಂಡಿನ ಹಿಮ್ಮುಖ ತಿರುಗಾಟವನ್ನು ಅಳೆದ. ಅವನ ಮಗ ಫ್ರೆಡ್ಡಿ 1896 ಮತ್ತು 1898ರಲ್ಲಿ ಬ್ರಿಟಿಷ್ ಅಮೆಚೂರ್ ಚಾಂಪಿಯನ್. 1900ರಲ್ಲಿ ಬೋಯರ್ ಯುದ್ಧದಲ್ಲಿ ಸತ್ತ. ಮರುವರ್ಷ ತಂದೆಯೂ ಹೋದ. ಚೆಂಡನ್ನು ಮೇಲಕ್ಕೆ ಹಿಡಿಯುವುದು ಅದರ ತಿರುಗಾಟ ಎಂಬ ಟೇಟ್‌ನ ತೀರ್ಮಾನ ಇಂದಿಗೂ ನಿಂತಿದೆ. ನಿಮಿಷಕ್ಕೆ 2,700 ಸುತ್ತು ತಿರುಗುತ್ತ 70 ಮೀಟರ್ ವೇಗದಲ್ಲಿ ಹೊರಟ ಚೆಂಡಿನ ಮೇಲೆ ಎತ್ತುವ ಬಲದ ಗುಣಾಂಕವನ್ನು 0.15 ಎಂದಿಟ್ಟುಕೊಂಡರೂ ಬಲ 0.63 ನ್ಯೂಟನ್ ಆಗುತ್ತದೆ. ತೂಕಕ್ಕಿಂತ ಹೆಚ್ಚು. ಹೊರಟ ಕೆಲ ಕ್ಷಣ ಚೆಂಡು ಅಕ್ಷರಶಃ ಏರುವ ವಿಮಾನ.

ಗುಳಿಗೂ ಇದಕ್ಕೂ ಏನು ಸಂಬಂಧ? ಜೆ. ಎಂ. ಡೇವೀಸ್ 1949ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರ. ತಿರುಗುವ ಚೆಂಡುಗಳನ್ನು ವಾಯು ಸುರಂಗದ ಅಡ್ಡಗಾಳಿಯೊಳಕ್ಕೆ ಮೇಲಿನಿಂದ ಬೀಳಿಸಿ, ಅವು ಎಲ್ಲಿ ಬಿದ್ದವೆಂದು ಗುರುತು ಹಾಕಿಕೊಂಡು ಬಲಗಳನ್ನು ಲೆಕ್ಕ ಹಾಕಿದ. ಗುಳಿಯ ಚೆಂಡು ಎಲ್ಲ ವೇಗದ ತಿರುಗಾಟದಲ್ಲೂ ಮೇಲ್ಮುಖ ಬಲ ಪಡೆಯಿತು. ನುಣುಪು ಚೆಂಡಿನ ಮೇಲೆ, ತಿರುಗಾಟ ನಿಮಿಷಕ್ಕೆ ಸುಮಾರು 5,000 ಸುತ್ತಿಗಿಂತ ಕಡಿಮೆಯಿದ್ದಾಗ, ಬಲ ಕೆಳಮುಖವಾಗಿತ್ತು. ಕಾರಣವನ್ನು ಗಡಿಪದರದಲ್ಲೇ ಹುಡುಕಬೇಕು. ಹಿಮ್ಮುಖವಾಗಿ ತಿರುಗುವ ಚೆಂಡಿನ ತಳಭಾಗ ಗಾಳಿಗೆ ಎದುರಾಗಿ ಚಲಿಸುತ್ತದೆ. ಸಾಪೇಕ್ಷ ವೇಗ ಅಲ್ಲಿ ಹೆಚ್ಚು. ನುಣುಪು ಚೆಂಡಿನಲ್ಲಿ ತಳದ ಪದರ ಮಾತ್ರ ಪ್ರಕ್ಷುಬ್ಧವಾಗಿ ಹೆಚ್ಚು ದೂರ ಅಂಟಿಕೊಳ್ಳುತ್ತದೆ, ಮೇಲಿನದು ಬೇಗ ಕಿತ್ತುಕೊಳ್ಳುತ್ತದೆ. ಬಾಲ ಮೇಲಕ್ಕೆ ತಿರುಗಿ ಚೆಂಡು ಕೆಳಕ್ಕೆ ತಳ್ಳಿಸಿಕೊಳ್ಳುತ್ತದೆ. ಗುಳಿಗಳು ಎರಡೂ ಪಕ್ಕಗಳನ್ನು ಮೊದಲೇ ಎಬ್ಬಿಸಿರುವುದರಿಂದ ಈ ಪಕ್ಷಪಾತಕ್ಕೆ ಎಡೆಯಿಲ್ಲ. ತಿರುಗಾಟ ತನ್ನ ಸಹಜ ಕೆಲಸ ಮಾಡುತ್ತದೆ. ಹೊಸ ಗಟ್ಟಾಪರ್ಚ ಚೆಂಡು ಗಾಳಿಯಲ್ಲಿ ಕುಸಿಯುತ್ತಿದ್ದುದನ್ನು ಕಂಡ ಸ್ಕಾಟಿಷ್ ಆಟಗಾರರು ನೋಡಿದ್ದು ಈ ಎರಡನ್ನೂ ಒಟ್ಟಿಗೆ ಎಂದು ನನ್ನ ಊಹೆ: ಎಳೆತವೂ ಹೆಚ್ಚು, ಎತ್ತುವ ಬಲವೂ ಕೈಕೊಟ್ಟದ್ದು.

ಗುಳಿಗಳ ಸಂಖ್ಯೆಯ ಬಗ್ಗೆ ಜಾಹೀರಾತುಗಳು ಬಹಳ ಮಾತಾಡುತ್ತವೆ. ಸಾಮಾನ್ಯವಾಗಿ ಅದು 300ರಿಂದ 500ರ ನಡುವೆ ಇರುತ್ತದೆ. ದಶಕಗಳ ಕಾಲ 336 ಗುಳಿಗಳ ಅಷ್ಟಮುಖ ಜೋಡಣೆ ಚಾಲ್ತಿಯಲ್ಲಿತ್ತು. ಸಂಖ್ಯೆಗಿಂತ ಆಳ ಮುಖ್ಯ. ಅದು ಮಿಲಿಮೀಟರಿನ ಕಾಲು ಭಾಗದಷ್ಟು. ಗುಳಿ ತೀರ ಆಳವಿಲ್ಲದಿದ್ದರೆ ಹಾರಾಟದ ಕೊನೆಯ ನಿಧಾನ ವೇಗದಲ್ಲಿ ಪದರ ಎಚ್ಚರವಾಗಿರುವುದಿಲ್ಲ, ಚೆಂಡು ಕಿಟಕಿಯ ಕೆಳ ಅಂಚಿನಿಂದ ಜಾರಿಬಿಡುತ್ತದೆ. ತೀರ ಆಳವಾದರೆ ಎಳೆತ ಹೆಚ್ಚಿ ಪಥ ತಗ್ಗುತ್ತದೆ. ಆಕಾರವೂ ಲೆಕ್ಕಕ್ಕುಂಟು. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಬೇರ್‌ಮನ್ ಮತ್ತು ಹಾರ್ವಿ 1976ರಲ್ಲಿ ಷಡ್ಭುಜ ಗುಳಿಗಳ ಚೆಂಡನ್ನು ದುಂಡು ಗುಳಿಗಳ ಚೆಂಡಿನೊಂದಿಗೆ ಹೋಲಿಸಿ, ಷಡ್ಭುಜದ ಮೇಲೆ ಎಳೆತ ಕಡಿಮೆ, ಎತ್ತುವಿಕೆ ಹೆಚ್ಚು ಎಂದು ಕಂಡುಕೊಂಡರು.

ಜೋಡಣೆಯ ವಿಷಯದಲ್ಲಿ ಒಂದು ಪ್ರಕರಣ ನೆನಪಿಡುವಂಥದ್ದು. 1970ರ ದಶಕದಲ್ಲಿ ಅಮೆರಿಕದಲ್ಲಿ ಪೊಲಾರಾ ಎಂಬ ಚೆಂಡು ಬಂತು. ಭೌತಶಾಸ್ತ್ರಜ್ಞ ಫ್ರೆಡ್ ಹೋಮ್‌ಸ್ಟ್ರಾಮ್ ಮತ್ತು ರಸಾಯನಶಾಸ್ತ್ರಜ್ಞ ಡೇನಿಯಲ್ ನೆಪೆಲಾ ಅದನ್ನು ರೂಪಿಸಿದವರು. ಸಮಭಾಜಕದ ಸುತ್ತ ಮಾಮೂಲಿ ಗುಳಿಗಳು, ಎರಡು ಧ್ರುವಗಳ ಕಡೆ ಆಳವಿಲ್ಲದ ಗುಳಿಗಳು. ಸರಿಯಾದ ದಿಕ್ಕಿನಲ್ಲಿ ಇಟ್ಟು ಹೊಡೆದರೆ ಓರೆ ಏಟಿಗೂ ಚೆಂಡು ಹೆಚ್ಚು ಬಾಗದೆ ನೇರವಾಗಿ ಹೋಗುತ್ತಿತ್ತು. ಅಮೆರಿಕದ ಗಾಲ್ಫ್ ಸಂಸ್ಥೆ 1981ರಲ್ಲಿ ಸಮಮಿತಿಯ ನಿಯಮ ತಂದು, ಚೆಂಡು ಗೋಳಾಕಾರದ ಸಮಮಿತಿಯಿರುವ ಚೆಂಡಿನಂತೆಯೇ ವರ್ತಿಸಬೇಕೆಂದು ವಿಧಿಸಿತು. ಮೊಕದ್ದಮೆ ನಡೆದು 1985ರಲ್ಲಿ 13.75 ಲಕ್ಷ ಡಾಲರಿಗೆ ರಾಜಿಯಾಯಿತು. ಧ್ರುವದ ಗುಳಿಗಳ ಆಳವನ್ನಷ್ಟೇ ಬದಲಿಸಿ ಚೆಂಡಿನ ದಾರಿಯನ್ನೇ ಬದಲಿಸಬಹುದೆಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಅಂಥ ವ್ಯತ್ಯಾಸ ಬೇಡವೆಂದರೂ ಬರುತ್ತದೆ. ಚೆಂಡಿನ ಹೊದಿಕೆಯನ್ನು ಎರಡು ಅರ್ಧಗೋಳದ ಅಚ್ಚುಗಳ ನಡುವೆ ಒತ್ತುತ್ತಾರೆ. ಅಚ್ಚುಗಳು ಕೂಡುವಲ್ಲಿ ಸಮಭಾಜಕದ ಉದ್ದಕ್ಕೂ ಒಂದು ಏಣು ಉಳಿಯುತ್ತದೆ. ಅದನ್ನು ಉಜ್ಜಿ ತೆಗೆಯುವಾಗ ಅಕ್ಕಪಕ್ಕದ ಗುಳಿಗಳ ಆಳವೂ ಕೂದಲೆಳೆಯಷ್ಟು ಕಡಿಮೆಯಾಗುತ್ತದೆ. ಇದನ್ನು ಸರಿದೂಗಿಸಲು ತಯಾರಕರು ಧ್ರುವದ ಕಡೆಯ ಗುಳಿಗಳ ಆಳವನ್ನು ಅಷ್ಟೇ ಎಚ್ಚರದಿಂದ ತಿದ್ದುತ್ತಾರೆ, ಇಲ್ಲವೇ ಅಚ್ಚು ಕೂಡುವ ಗೆರೆಯನ್ನು ನೇರವಾಗಿ ಬಿಡದೆ ಗುಳಿಗಳ ನಡುವೆ ಹಾವಿನಂತೆ ಬಳಸಿ ಒಯ್ಯುತ್ತಾರೆ. ಆಮೇಲೆ ಒಂದೇ ಚೆಂಡನ್ನು ಎರಡು ಬೇರೆ ಅಕ್ಷಗಳ ಮೇಲೆ ತಿರುಗುವಂತೆ ಯಂತ್ರದಿಂದ ಹೊಡೆಸಿ, ಎರಡು ಹಾರಾಟಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುತ್ತಾರೆ.